ಹೆಸರೇ ಕಾಯಿಲೆಯಾದ ಕಾದಂಬರಿಕಾರ

ತನ್ನ ಹೆಸರೇ ಒಂದು ಕಾಯಿಲೆಯ ಹೆಸರಾಗುವುದನ್ನು ಬದುಕಿರುವಾಗಲೇ ಕಂಡ ಸಾಹಿತಿ ಲಿಯೋಪೋಲ್ಡ್ ಫಾನ್ ಸಾಖರ್ ಮಾಸೋಖ್. ನೋವು ಮತ್ತು ಅಧೀನತೆಯಲ್ಲಿ ಸುಖ ಕಾಣುವ ಪ್ರವೃತ್ತಿಯನ್ನು ಜಗತ್ತು ಇಂದಿಗೂ ಮಾಸೋಕಿಸಂ ಎಂದೇ ಕರೆಯುತ್ತದೆ. ಆದರೆ ಆತನ ಬದುಕು ಆ ಒಂದು ಪದಕ್ಕಿಂತ ದೊಡ್ಡದು.

1836ರ ಜನವರಿ 27ರಂದು, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲೆಂಬರ್ಗ್ ನಗರದಲ್ಲಿ ಆತ ಜನಿಸಿದ. ಈಗ ಅದು ಉಕ್ರೇನ್ ದೇಶದ ಲ್ವಿವ್. ತಂದೆ ಅಲ್ಲಿನ ಪೊಲೀಸ್ ಮುಖ್ಯಸ್ಥ. ಇತಿಹಾಸವನ್ನು ಅಭ್ಯಸಿಸಿದ ಮಗ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ನೀಡಿದ. ಬಳಿಕ ಹುಟ್ಟೂರಿನ ಸೀಮೆಯಾದ ಗಲೀಷಿಯಾದ ರೈತರು ಮತ್ತು ಯಹೂದಿಗಳ ಬದುಕನ್ನು ಕಥೆಗಳಾಗಿಸಿ ಖ್ಯಾತನಾದ.

1869ರ ಡಿಸೆಂಬರಿನಲ್ಲಿ ಮಾಸೋಖ್ ಫ್ಯಾನಿ ಪಿಸ್ಟೋರ್ ಎಂಬ ಮಹಿಳೆಯೊಂದಿಗೆ ವಿಚಿತ್ರ ಕರಾರೊಂದಕ್ಕೆ ಸಹಿ ಹಾಕಿದ. ಅದರಂತೆ ಆತ ಆರು ತಿಂಗಳ ಕಾಲ ಆಕೆಯ ಗುಲಾಮ. ಆದರೆ ಆತನ ಮಾನಕ್ಕೆ ಕುಂದು ತರುವ ಕೆಲಸವನ್ನು ಆಕೆ ಮಾಡಿಸುವಂತಿರಲಿಲ್ಲ. ಬರವಣಿಗೆಗೆಂದು ದಿನಕ್ಕೆ ಆರು ಗಂಟೆ ಬಿಟ್ಟುಕೊಡಬೇಕಿತ್ತು. ಆತನ ಪತ್ರಗಳನ್ನು ಓದುವ ಹಕ್ಕೂ ಆಕೆಗಿರಲಿಲ್ಲ. ಈ ಗುಲಾಮಗಿರಿಗೆ ಅವಧಿಯಿತ್ತು, ಎಲ್ಲೆಯಿತ್ತು. ಸೇವಕನ ವೇಷದಲ್ಲಿ ಆಕೆಯೊಡನೆ ಆತ ಇಟಲಿಗೂ ಪ್ರಯಾಣ ಬೆಳೆಸಿದ. 1870ರಲ್ಲಿ ಪ್ರಕಟವಾದ ‘ವೀನಸ್ ಇನ್ ಫರ್ಸ್’ ಕಾದಂಬರಿಗೆ ಈ ಅನುಭವವೇ ಮೂಲ.

1873ರಲ್ಲಿ ಆತ ಬಡತನದಲ್ಲಿ ಬೆಳೆದ ಔರೋರಾ ರ್‍ಯೂಮೆಲಿನ್ ಎಂಬಾಕೆಯನ್ನು ವಿವಾಹವಾದ. ಕಾದಂಬರಿಯ ನಾಯಕಿ ವಾಂಡಾಳ ಹೆಸರನ್ನೇ ಆಕೆಯೂ ತಳೆದಳು. ಅವರಿಬ್ಬರ ನಡುವೆಯೂ ಒಂದು ಕರಾರು ಏರ್ಪಟ್ಟಿತು. ಆದರೆ ಅದರಲ್ಲಿ ಅವಧಿಯೂ ಇರಲಿಲ್ಲ, ಎಲ್ಲೆಯೂ ಇರಲಿಲ್ಲ. ಕಾಗದದ ಮೇಲೆ ಸರ್ವಾಧಿಕಾರವೆಲ್ಲ ವಾಂಡಾಳದ್ದು. ಮನೆಯೊಳಗಿನ ಕಥೆಯೇ ಬೇರೆ. ಚಾಟಿ ಬೀಸುವಂತೆ, ಪರಪುರುಷನ ಸಂಗ ಮಾಡುವಂತೆ ಪತಿಯೇ ಒತ್ತಾಯಿಸುತ್ತಿದ್ದನೆಂದೂ, ಮನಸ್ಸಿಲ್ಲದಿದ್ದರೂ ತಾನು ಮಣಿದೆನೆಂದೂ ಆಕೆ 1906ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ನಿವೇದಿಸಿಕೊಂಡಳು. ಒಡತಿಯೆನಿಸಿಕೊಂಡವಳಿಗೆ ಬೇಡ ಎನ್ನುವ ಸ್ವಾತಂತ್ರ್ಯವೇ ಇರಲಿಲ್ಲ. ದಾಂಪತ್ಯ ಮುರಿದುಬಿತ್ತು.

ಇದೇ ಮಾಸೋಖ್ ಲೈಪ್ಜಿಗ್ ನಗರದಲ್ಲಿ 1881ರಿಂದ 1885ರವರೆಗೆ ಪತ್ರಿಕೆಯೊಂದನ್ನು ನಡೆಸಿ ಯಹೂದಿ ದ್ವೇಷವನ್ನು ಖಂಡಿಸಿದ, ಸ್ತ್ರೀಯರ ಶಿಕ್ಷಣ ಮತ್ತು ಹಕ್ಕುಗಳ ಪರ ನಿಂತ. ಆದರೂ 1890ರಲ್ಲಿ ಮನೋವೈದ್ಯ ಕ್ರಾಫ್ಟ್ ಎಬಿಂಗ್ ಆತನ ಹೆಸರನ್ನು ಒಂದು ಲೈಂಗಿಕ ವಿಕೃತಿಗೆ ಇಟ್ಟುಬಿಟ್ಟ. 1895ರ ಮಾರ್ಚ್ 9ರಂದು ಜರ್ಮನಿಯ ಲಿಂಡ್‌ಹೈಮ್ ಗ್ರಾಮದಲ್ಲಿ ಮಾಸೋಖ್ ನಿಧನನಾದ.

ವೈದ್ಯಲೋಕದ ದೃಷ್ಟಿ ಅನಂತರ ಬದಲಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ, ವಯಸ್ಕರ ನಡುವೆ ಪರಸ್ಪರ ಸಮ್ಮತಿಯಿಂದ ನಡೆಯುವ ಇಂಥ ವರ್ತನೆ ಕಾಯಿಲೆಯಾಗಿ ಉಳಿಯಲಿಲ್ಲ. ಹಗ್ಗದ ಬಂಧನದಂಥ ಕ್ರೀಡೆಗಳನ್ನು ಕಲಿಸುವವರು ಇಂದು ಗಂಟು ಹಾಕುವುದಕ್ಕೆ ಮುನ್ನ ಮಾತುಕತೆಯನ್ನು ಕಲಿಸುತ್ತಾರೆ: ಮಿತಿ ಯಾವುದು, ಅವಧಿ ಎಷ್ಟು, ಯಾವ ಮಾತಿಗೆ ಎಲ್ಲವೂ ತಕ್ಷಣ ನಿಲ್ಲಬೇಕು. ಮಾಸೋಖ್‌ನ ಮೊದಲ ಕರಾರಿನಲ್ಲಿ ಇದರ ಎಳೆಗಳಿದ್ದವು. ಎರಡನೆಯದು, ಸಹಿಯೊಂದೇ ಸಮ್ಮತಿಯಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಉಳಿದಿದೆ.