ಸಂಗೀತಪ್ರೇಮಿ ಶ್ರೀ ಜಯಚಾಮರಾಜ ಒಡೆಯರು

ಸೇಲಂ ಜಿಲ್ಲೆಯನ್ನು ವಿಭಜಿಸಿ ನಮ್ಮ ಧರ್ಮಪುರಿ ಜಿಲ್ಲೆಯನ್ನು ರಚಿಸಿದ್ದು 1965ರ ಅಕ್ಟೋಬರ್ 2ರಂದು. ಆ ದಶಕದಲ್ಲಿ ಮದರಾಸು ರಾಜ್ಯದ ರಾಜ್ಯಪಾಲರಾಗಿದ್ದವರಲ್ಲಿ ಒಬ್ಬರು ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು. ಅವರನ್ನು ಅರಸರೆಂದು, ರಾಜ್ಯಪಾಲರೆಂದು ನಾವೆಲ್ಲ ಬಲ್ಲೆವು. ಅವರ ಸಂಗೀತಪ್ರೇಮದ ಕಥೆ ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿಯದು.

1919ರ ಜುಲೈ 18ರಂದು ಜನಿಸಿದ ಒಡೆಯರು ಎಳೆಯ ವಯಸ್ಸಿನಲ್ಲೇ ಪಿಯಾನೋ ಕಲಿತರು. ದೊಡ್ಡ ಸಭೆಗಳಲ್ಲಿ ನುಡಿಸುವ ವಾದಕರಾಗಬೇಕೆಂಬುದು ಅವರ ಹಂಬಲ. ಆದರೆ 1940ರಲ್ಲಿ ಮೊದಲು ತಂದೆ ಕಂಠೀರವ ನರಸಿಂಹರಾಜ ಒಡೆಯರು, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೆ ರಾಜ್ಯಭಾರ ಹೆಗಲೇರಿತು. ಹಂಬಲ ಹಂಬಲವಾಗಿಯೇ ಉಳಿಯಿತು.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತಗಾರರು ನೆಲೆಸಿದ್ದರು. ಪಿಟೀಲು, ಕೊಳಲು, ತುತ್ತೂರಿ, ಭೇರಿ ಮೊದಲಾದ ಹತ್ತಾರು ವಾದ್ಯಗಳು ಪಿಯಾನೋದೊಡನೆ ನುಡಿಯುವಂತಹ ದೊಡ್ಡ ಕೃತಿಯೊಂದನ್ನು ಅವರು 1943ರಲ್ಲಿ ರಚಿಸಿ ಮುಗಿಸಿದರು. ಆ ಬಗೆಯಲ್ಲಿ ಅದು ಅವರ ಮೂರನೆಯ ಕೃತಿ. ಲೆರ್ಮಂತೋವ್ ಎಂಬ ಕವಿಯ ಕಥನಕವನವೇ ಅದಕ್ಕೆ ಸ್ಫೂರ್ತಿ. ದೂರದೇಶದಿಂದ ಬಂದ ವೀರನೊಬ್ಬ ಹೊಳೆಯ ತಳದಲ್ಲಿ ಮಲಗಿದ್ದಾನೆ. ಜಲಕನ್ಯೆ ಅವನಿಗೆ ಒಲಿದಿದ್ದಾಳೆ. ಎಷ್ಟು ಮುದ್ದಿಸಿದರೂ ಅವನು ಕಣ್ತೆರೆಯನು. ಕವನದಲ್ಲಿ ಅವನು ಏಳುವುದೇ ಇಲ್ಲ. ಮೆಟ್ನರರು ತಮ್ಮ ಸಂಗೀತದಲ್ಲಿ ಆ ವೀರನನ್ನು ಎಚ್ಚರಗೊಳಿಸಿದರು.

ಆದರೆ ಅವರನ್ನು ಮುಪ್ಪು, ಹೃದ್ರೋಗ, ಬಡತನ ಕಾಡುತ್ತಿದ್ದವು. ಅವರ ಸಂಗೀತವನ್ನು ಕೇಳುವವರೂ ವಿರಳವಾಗಿದ್ದರು. ಇದನ್ನರಿತ ಒಡೆಯರು ಮೈಸೂರಿನಿಂದ ಹಣದ ನೆರವಿತ್ತರು. 1947ರಲ್ಲಿ ಮೆಟ್ನರರು ಸ್ವತಃ ಪಿಯಾನೋ ನುಡಿಸಿ, ಅಂತಹ ಮೂರೂ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿದರು. ಮೂರನೆಯದನ್ನು ಕೃತಜ್ಞತೆಯಿಂದ ಒಡೆಯರಿಗೇ ಅರ್ಪಿಸಿದರು. 1951ರಲ್ಲಿ ಅವರು ನಿಧನರಾದರೂ ಆ ವಾದನವನ್ನು ಇಂದಿಗೂ ಕೇಳಬಹುದು.

ಒಡೆಯರು ಮುಂದೆ ನಮ್ಮ ಕರ್ನಾಟಕ ಸಂಗೀತದಲ್ಲಿ ಮನಸ್ಸಿಟ್ಟರು. ವೀಣೆ ಕಲಿತರು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. 1974ರ ಸೆಪ್ಟೆಂಬರ್ 23ರಂದು ಅವರು ಕಾಲವಾದರು.

ಮನೆಯ ಹೊಣೆ ಹೊತ್ತು ಓದನ್ನು ಅರ್ಧಕ್ಕೆ ಬಿಡುವ ಮಕ್ಕಳನ್ನು ನಾವು ಕಂಡಿದ್ದೇವೆ. ಅಂತಹ ಮಕ್ಕಳೂ ಅವರ ತಂದೆತಾಯಿಗಳೂ ಈ ಅರಸರನ್ನು ನೆನೆಯಬೇಕು. ಬಯಸಿದ ದಾರಿ ಮುಚ್ಚಿದಾಗ ಅವರು ಕೈಕಟ್ಟಿ ಕೂರಲಿಲ್ಲ. ತಮಗೆ ಒದಗದ ಭಾಗ್ಯವನ್ನು ಇನ್ನೊಬ್ಬರಿಗೆ ಒದಗಿಸಿದರು, ತಾವೂ ಬೇರೊಂದು ದಾರಿಯಲ್ಲಿ ಸಂಗೀತವನ್ನು ಸೇರಿದರು.