ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಳೆದ ಆಲ್ಫ್ರೆಡ್ ಬಿನೆ

ದೊಡ್ಡಬಳ್ಳಾಪುರ ಸೀಮೆಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿ ರೈತನು ಹೋರಿಯ ಬಾಯಿ ಬಿಡಿಸಿ, ಎಷ್ಟು ಹಲ್ಲಾಗಿದೆಯೆಂದು ನೋಡಿ ವಯಸ್ಸನ್ನು ತಿಳಿಯುತ್ತಾನೆ. ಎರಡು ಹಲ್ಲಿನ ಹೋರಿಯ ಮೇಲೆ ಬೆಳೆದ ಎತ್ತಿನ ಹೊರೆಯನ್ನು ಅವನು ಹೇರನು. ಮಗುವಿನ ಬುದ್ಧಿಗಾದರೋ ಎಣಿಸುವ ಹಲ್ಲುಗಳಿಲ್ಲ. ಅದರ ವಯಸ್ಸನ್ನು ತಿಳಿಯುವ ಮಾರ್ಗವನ್ನು ಹುಡುಕಿದ ಆಲ್ಫ್ರೆಡ್ ಬಿನೆಯ ಚರಿತ್ರೆಯನ್ನು ಈ ಸಾರಿ ಹೇಳುವೆವು.

ಈತನು 1857ನೆಯ ಇಸವಿ ಜುಲೈ 8ರಲ್ಲಿ ನೀಸ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ವೈದ್ಯನು, ತಾಯಿಯು ಚಿತ್ರಗಾರ್ತಿ. ನ್ಯಾಯಶಾಸ್ತ್ರವನ್ನು ಓದಿಯೂ ವಕೀಲಿಯನ್ನು ಹಿಡಿಯದೆ, ಪ್ಯಾರಿಸಿನ ದೊಡ್ಡ ಪುಸ್ತಕ ಭಂಡಾರದಲ್ಲಿ ಕುಳಿತು ಮನಶ್ಶಾಸ್ತ್ರವನ್ನು ತಾನೇ ಕಲಿತನು.

ಆದರೆ ಆತನಿಗೆ ಹೆಚ್ಚು ಕಲಿಸಿದವರು ಆತನ ಇಬ್ಬರು ಪುತ್ರಿಯರಾದ ಮದ್ಲೇನ್ ಮತ್ತು ಆಲೀಸ್. ಒಂದೇ ಮನೆಯಲ್ಲಿ ಬೆಳೆದರೂ ಒಬ್ಬಳು ಕಣ್ಣಿಟ್ಟು ನೋಡುವವಳು, ಇನ್ನೊಬ್ಬಳು ಕಲ್ಪನೆಯಲ್ಲಿ ತೇಲುವವಳು. ದೊಡ್ಡ ಬಿಲ್ಲೆಗಳದೊಂದು ಗುಂಪನ್ನೂ ಸಣ್ಣ ಬಿಲ್ಲೆಗಳದೊಂದು ಗುಂಪನ್ನೂ ಮುಂದಿಟ್ಟರೆ, ಎಣಿಕೆಯರಿಯದ ಮಗುವು ಹೆಚ್ಚು ಸ್ಥಳ ಹಿಡಿದದ್ದನ್ನೇ ಹೆಚ್ಚೆನ್ನುವುದನ್ನು ಆತನು ಕಂಡನು. ಇದು ದಡ್ಡತನವಲ್ಲ, ಆ ವಯಸ್ಸಿನ ಬುದ್ಧಿಯ ರೀತಿ.

1904ರಲ್ಲಿ ಫ್ರಾನ್ಸಿನ ಸರಕಾರವು, ಪಾಠಶಾಲೆಗಳಲ್ಲಿ ಹಿಂದೆ ಬೀಳುವ ಮಕ್ಕಳ ವಿಷಯವಾಗಿ ವಿಚಾರಿಸಲು ಒಂದು ಮಂಡಲಿಯನ್ನು ನೇಮಿಸಿ ಬಿನೆಯನ್ನೂ ಸೇರಿಸಿತು. ಮರುವರುಷ ಆತನು ವೈದ್ಯನಾದ ಸಿಮೋನನೊಡನೆ 30 ಪರೀಕ್ಷೆಗಳನ್ನು ಸುಲಭದಿಂದ ಕಠಿಣಕ್ಕೆ ಏರುವಂತೆ ಜೋಡಿಸಿದನು. 1908ರಲ್ಲಿ ಅವುಗಳನ್ನು 3 ವರುಷದಿಂದ 13ರ ವರೆಗೆ ವಯಸ್ಸಿಗನುಸಾರವಾಗಿ ವಿಂಗಡಿಸಿದನು. ಮೂರರ ಮಗುವು ತನ್ನ ಮೂಗು, ಕಣ್ಣು, ಬಾಯಿಗಳನ್ನು ತೋರಿಸುವುದು. ಐದರ ಮಗುವು ನಾಲ್ಕು ಕಾಸುಗಳನ್ನು ಎಣಿಸುವುದು. ಹಿಂದುಳಿದ ಮಗುವನ್ನು ನಾಚಿಸುವುದಕ್ಕಲ್ಲ, ಅದಕ್ಕೆ ತಕ್ಕ ಪಾಠವನ್ನು ಕೊಡುವುದಕ್ಕೆ ಈ ಅಳತೆಯು ಹುಟ್ಟಿತು.

ಹುಟ್ಟಿದಾಗಿನ ಬುದ್ಧಿಯು ಹೆಚ್ಚಲಾರದೆಂದು ಹೇಳುವವರನ್ನು ಆತನು 1909ರ ಗ್ರಂಥದಲ್ಲಿ ಬಲವಾಗಿ ಖಂಡಿಸಿದನು. ಹಿಂದುಳಿದ ಮಕ್ಕಳಿಗೆ ಮೊದಲು ಬೊಂಬೆಯಂತೆ ಅಲುಗದೆ ನಿಲ್ಲುವ ಆಟವನ್ನು ಕಲಿಸಿ, ದಿನದಿನಕ್ಕೆ ಗಮನವನ್ನು ಬೆಳೆಸಬಹುದೆಂದು ತೋರಿಸಿದನು. 1911ನೆಯ ಅಕ್ಟೋಬರ್ 18ರಲ್ಲಿ, 54ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆತನ ತರುವಾಯ ಅಮೆರಿಕೆಯಲ್ಲಿ ಕೆಲವರು ಅದೇ ಅಳತೆಯಿಂದ ಜನರಿಗೆ ಅಳಿಯದ ಮುದ್ರೆಯನ್ನೊತ್ತಿದರು. ಇದು ಆತನ ಉದ್ದೇಶಕ್ಕೆ ನೇರ ವಿರೋಧವಾದದ್ದು. ನಮ್ಮ ದೇಶದಲ್ಲಿ ವಿ. ವಿ. ಕಾಮತರು 1934ರಲ್ಲಿ ಈ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅವು ಇಂದಿಗೂ ಬಳಕೆಯಲ್ಲಿವೆ.

ಸಂತಾನಕ್ಕಾಗಿ ಹಂಬಲಿಸುವ ದಂಪತಿಗಳು ನಮ್ಮ ಸೀಮೆಯಲ್ಲಿ ಬಹಳ. ಹಾಗೆ ಹಂಬಲಿಸಿ ಪಡೆದ ಕೂಸನ್ನೇ, ಓದು ಹತ್ತಲಿಲ್ಲವೆಂದು ಏಳೆಂಟು ವರುಷಕ್ಕೆ ಹಳಿಯುವ ಮನೆಗಳೂ ಉಂಟು. ತಂದೆತಾಯಿಗಳೇ, ಮಗುವಿನ ಕಣ್ಣು ಕಿವಿಗಳು ಸರಿಯಾಗಿವೆಯೇ ಎಂದು ಮೊದಲು ನೋಡಿಸಿರಿ. ಅದು ಯಾವ ಮೆಟ್ಟಿಲಲ್ಲಿ ನಿಂತಿದೆಯೆಂದು ಉಪಾಧ್ಯಾಯರನ್ನು ಕೇಳಿರಿ. ಅಲ್ಲಿಂದ ಒಂದೇ ಮೆಟ್ಟಿಲನ್ನು ಹತ್ತಿಸಿರಿ. ಮುಂದಿನದು ತಾನಾಗಿ ಕಾಣುವುದು.