ಮಾನವಿಯ ಜಗನ್ನಾಥದಾಸರು

ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹೆಂಗಸರು ಹರಿಕಥಾಮೃತಸಾರವನ್ನು ಬಾಯಿಪಾಠವಾಗಿ ಹಾಡುತ್ತಾರೆ. ಅವರಲ್ಲಿ ಹಲವರಿಗೆ ಸಂಸ್ಕೃತ ಬಾರದು. ಆದರೂ ಅವರು ಹಾಡುವುದು ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದಿಟ್ಟ ತತ್ತ್ವವನ್ನೇ. ಪಂಡಿತರ ಓಲೆಗರಿಗಳಲ್ಲಿದ್ದ ಆ ವಿದ್ಯೆಯನ್ನು ಕನ್ನಡಿಗರ ನಾಲಗೆಗೆ ತಂದವರು ಜಗನ್ನಾಥದಾಸರು.

ಇವರು 1728ರಲ್ಲಿ ಮಾನವಿ ತಾಲೂಕಿನ ಬ್ಯಾಗವಾಟದಲ್ಲಿ ಜನಿಸಿದರು. ಹೆಸರು ಶ್ರೀನಿವಾಸ. ಮಂತ್ರಾಲಯ ಮಠದ ವರದೇಂದ್ರ ತೀರ್ಥರಲ್ಲಿ ಶಾಸ್ತ್ರಗಳನ್ನೋದಿ ದೊಡ್ಡ ಪಂಡಿತರೆನಿಸಿದರು. ಪಾಂಡಿತ್ಯದೊಡನೆ ಗರ್ವವೂ ಬೆಳೆಯಿತು. ತಾಳ ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ.

ಒಮ್ಮೆ ವಿಜಯದಾಸರು ಮಾನವಿಗೆ ಬಂದು ಊಟಕ್ಕೆ ಕರೆಕಳುಹಿಸಿದಾಗ, ಹೊಟ್ಟೆನೋವೆಂದು ಸುಳ್ಳು ನೆವ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ನಿಜವಾದ ಹೊಟ್ಟೆನೋವೇ ಬಂದು ಪ್ರಾಣಕ್ಕೆ ಕುತ್ತಾಯಿತು. ಕೊನೆಗೆ ವಿಜಯದಾಸರ ಶಿಷ್ಯರಾದ ಉತ್ತನೂರಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಕೊಟ್ಟು ಉಳಿಸಿದರೆಂದು ಸಂಪ್ರದಾಯದವರು ಹೇಳುತ್ತಾರೆ. ವಿಜ್ಞಾನ ಓದುವ ನಮ್ಮ ಹುಡುಗರು ಇದನ್ನು ಕೇಳಿ ನಕ್ಕರೂ ನಗಲಿ. ತಾವು ಹಳಿದವರ ಬಾಗಿಲಿಗೇ ಹೋಗಿ ಆ ಪಂಡಿತರು ತಲೆಬಾಗಿದರಲ್ಲ, ನಮಗೆ ಅದು ದೊಡ್ಡದಾಗಿ ಕಾಣುತ್ತದೆ. ಅಂದಹಾಗೆ, ಉತ್ತನೂರು ನಮಗೆ ದೂರದ ಊರಲ್ಲ, ಗದ್ವಾಲ್ ಕಡೆಯದು. 1956ರವರೆಗೆ ಗದ್ವಾಲ್ ರಾಯಚೂರು ಜಿಲ್ಲೆಗೇ ಸೇರಿತ್ತು.

ಮುಂದೆ ಪಂಢರಪುರದಲ್ಲಿ ಅವರಿಗೆ ಜಗನ್ನಾಥವಿಠಲ ಎಂಬ ಅಂಕಿತ ದೊರೆಯಿತು. ಹರಿಕಥಾಮೃತಸಾರ ಭಾಮಿನೀ ಷಟ್ಪದಿಯಲ್ಲಿದೆ, 32 ಸಂಧಿಗಳು. ಇದು ಪದಕ್ಕೆ ಪದವಿಟ್ಟ ಅನುವಾದವಲ್ಲ. ಅನೇಕ ಶಾಸ್ತ್ರಗ್ರಂಥಗಳ ಸಾರವನ್ನು ಅರಗಿಸಿಕೊಂಡು ಹೊಸದಾಗಿ ಹೇಳಿದ್ದು. ಒಂದು ಸಂಧಿಯಲ್ಲಂತೂ ಅಡಿಗೆಮನೆಯನ್ನೇ ತತ್ತ್ವಶಾಸ್ತ್ರದ ಪಾಠಶಾಲೆ ಮಾಡಿದ್ದಾರೆ: ಅನ್ನ, ಹಾಲು, ತುಪ್ಪ ಒಂದೊಂದರಲ್ಲೂ ಭಗವಂತನ ಬೇರೆ ಬೇರೆ ರೂಪಗಳನ್ನು ಕಾಣಬೇಕೆನ್ನುತ್ತಾರೆ. ಎಲ್ಲ ಪದ್ಯಗಳೂ ಸುಲಭವೆಂದು ನಾವು ಹೇಳಲಾರೆವು. ಬಿಂಬ, ತಾರತಮ್ಯ ಮೊದಲಾದ ವಿಚಾರಗಳು ಬಂದಲ್ಲಿ ಅರ್ಥ ಹೇಳುವ ಹಿರಿಯರು ಪಕ್ಕದಲ್ಲಿರಬೇಕು. ತ್ರಿಪದಿಯಲ್ಲಿರುವ ತತ್ತ್ವಸುವ್ವಾಲಿ ಇದಕ್ಕಿಂತ ಹಗುರ. ಕುಟ್ಟುವಾಗ ಹೆಂಗಸರು ಹಾಡುತ್ತಿದ್ದ ಸುವ್ವಿಯ ಧಾಟಿಯನ್ನು ಅವರು ಅದಕ್ಕೆ ಆರಿಸಿಕೊಂಡರು.

ಸಂಸ್ಕೃತ ಕಲಿಯುವ ಅವಕಾಶವಿಲ್ಲದವರು, ಗ್ರಂಥ ಬರೆಯಿಸಿಕೊಳ್ಳಲು ಹಣವಿಲ್ಲದವರು, ಅಕ್ಷರವೇ ತಿಳಿಯದವರು, ಎಲ್ಲರಿಗೂ ಇವು ಬಿಟ್ಟಿಯಾಗಿ ಸಿಕ್ಕವು. ಒಬ್ಬರು ಹಾಡಿದರೆ ಇನ್ನೊಬ್ಬರು ಕಲಿತರು.

1809ರಲ್ಲಿ ದಾಸರು ಮಾನವಿಯಲ್ಲಿ ಹರಿಪಾದ ಸೇರಿದರು. ಭಾದ್ರಪದ ಶುದ್ಧ ನವಮಿಯಂದು ಅಲ್ಲಿ ಅವರ ಆರಾಧನೆ ನಡೆಯುತ್ತದೆ.